ಗೊಬ್ಬರದ ಚೀಲದಲ್ಲಿ ನೀರೆಷ್ಟು, ಸಾರವೆಷ್ಟು? ಪ್ರಯೋಗಾಲಯ ಅಳೆಯುವ ಬಗೆ

ನೀವು ದುಬೈನಲ್ಲಿ ಕಾರು ಓಡಿಸ್ತಾ ಕೇಳ್ತಿರಬಹುದು, ಮೆಲ್ಬರ್ನಿನಲ್ಲಿ ಅಡುಗೆ ಮಾಡ್ತಾ ಕೇಳ್ತಿರಬಹುದು, ಇಲ್ಲಾ ಹಾಸನದಲ್ಲಿ ತೋಟಕ್ಕೆ ನೀರು ಬಿಡ್ತಾ ಕೇಳ್ತಿರಬಹುದು.

ಇವತ್ತಿನ ವಿಷಯ ಗೊಬ್ಬರ. ನಮ್ಮ ಕೇಳುಗರಲ್ಲಿ ಬಹಳ ಜನಕ್ಕೆ ಊರಲ್ಲಿ ಒಂದಿಷ್ಟು ಜಮೀನಿದೆ, ಇಲ್ಲವೇ ತಾವಿರುವ ದೇಶದಲ್ಲಿ ಹಿತ್ತಲಲ್ಲೋ ಬಾಲ್ಕನಿಯಲ್ಲೋ ನಾಲ್ಕು ಟೊಮೇಟೊ, ಒಂದು ಕರಿಬೇವಿನ ಗಿಡ ಇದೆ. ಹಾಗಾಗಿ ಗೊಬ್ಬರದ ಚೀಲದ ಮೇಲಿನ ಅಂಕಿಗಳನ್ನ ನೀವೆಲ್ಲ ನೋಡಿರ್ತೀರಿ. ಯೂರಿಯಾ ಅಂದರೆ 46. ಡಿಎಪಿ ಅಂದರೆ 18-46. ನೀರಲ್ಲಿ ಕರಗಿಸಿ ಕೊಡೋ ಗೊಬ್ಬರ ಅಂದರೆ 19-19-19. ಎಲ್ಲವೂ ಶೇಕಡಾ ಲೆಕ್ಕ, ಅನುಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್.

ಈ ಅಂಕಿಗಳನ್ನ ಯಾರು, ಹೇಗೆ ಪರೀಕ್ಷೆ ಮಾಡ್ತಾರೆ? ಚೀಲದೊಳಗಿನ ಬಿಳಿ ಹರಳು ನೋಡಿದರೆ ಅದರಲ್ಲಿ 46 ಇದೆಯೋ 36 ಇದೆಯೋ ಕಣ್ಣಿಗೆ ಗೊತ್ತಾಗೋದಿಲ್ಲ. ರೈತ ದುಡ್ಡು ಕೊಡೋದು ತೂಕಕ್ಕೆ, ಗಿಡಕ್ಕೆ ಬೇಕಾಗಿರೋದು ಸಾರ. ಇವೆರಡರ ನಡುವೆ ಇರೋದು ಪ್ರಯೋಗಾಲಯ. ಈ ಕಂತಿನ ಉದ್ದಕ್ಕೂ ನಾವು ಒಂದೇ ಪ್ರಶ್ನೆಯನ್ನ ಹಿಡಿದುಕೊಂಡು ಹೋಗೋಣ: ಶೇಕಡಾ ಇಷ್ಟು ಅಂದರೆ, ಯಾವುದರ ಶೇಕಡಾ?

ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯೋ ಇಲ್ಲವೋ ಅಂತ ನೋಡೋಕೆ ಇಡೀ ಪಾತ್ರೆ ಹಿಚುಕಬೇಕಾಗಿಲ್ಲ, ಒಂದು ಅಗುಳು ಸಾಕು. ಕುದಿಯೋ ನೀರಲ್ಲಿ ಎಲ್ಲ ಅಗುಳಿಗೂ ಹೆಚ್ಚುಕಡಿಮೆ ಒಂದೇ ಶಾಖ ತಗುಲಿರುತ್ತೆ. ಗೊಬ್ಬರದ ಚೀಲ ಹಾಗಲ್ಲ. ಅದು ಅವಲಕ್ಕಿ ಚೂಡಾದ ಡಬ್ಬದ ಹಾಗೆ. ಡಬ್ಬ ಅಲುಗಾಡಿದಷ್ಟೂ ಉಪ್ಪು, ಖಾರ, ಪುಡಿ ಎಲ್ಲ ತಳ ಸೇರುತ್ತೆ, ದಪ್ಪ ಚೂರುಗಳು ಮೇಲೆ ಉಳಿಯುತ್ತವೆ. ಬೇರೆ ಬೇರೆ ಗಾತ್ರದ ಕಾಳುಗಳನ್ನ ಬೆರೆಸಿದ ಮಿಶ್ರ ಗೊಬ್ಬರ ಲಾರಿಯಲ್ಲಿ ಇನ್ನೂರು ಕಿಲೋಮೀಟರ್ ಕುಲುಕಿಕೊಂಡು ಬಂದರೆ ಆಗೋದೂ ಅದೇ. ಮೇಲಿನಿಂದ ಒಂದು ಹಿಡಿ ತೆಗೆದರೆ ಒಂದು ಉತ್ತರ, ತಳದಿಂದ ತೆಗೆದರೆ ಇನ್ನೊಂದು.

ಅದಕ್ಕೇ ಮಾದರಿ ತೆಗೆಯೋಕೆ ಉದ್ದನೆಯ, ಟೊಳ್ಳಾದ ಲೋಹದ ಕೊಳವೆ ಬಳಸ್ತಾರೆ. ಅಕ್ಕಿ ಮಂಡಿಯಲ್ಲಿ ಮೂಟೆಗೆ ಚುಚ್ಚಿ ಕಾಳು ತೆಗೀತಾರಲ್ಲ, ಅದರ ಅಣ್ಣನ ಹಾಗೆ ಇರುತ್ತೆ. ಚೀಲದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಚುಚ್ಚಿದರೆ ಮೇಲಿನದು, ನಡುವಿನದು, ತಳದ್ದು ಎಲ್ಲ ಸ್ವಲ್ಪಸ್ವಲ್ಪ ಸಿಗುತ್ತೆ. ಹೀಗೆ ಹಲವು ಚೀಲಗಳಿಂದ ತೆಗೆದದ್ದನ್ನ ಒಟ್ಟು ಮಾಡಿ, ಚೆನ್ನಾಗಿ ಕಲಸಿ, ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನ ಮಾತ್ರ ಇಟ್ಟುಕೊಂಡು, ಮತ್ತೆ ಕಲಸಿ ಮತ್ತೆ ಪಾಲು ಮಾಡ್ತಾ ಕಡಿಮೆ ಮಾಡ್ತಾ ಬರ್ತಾರೆ. ಭಾರತದಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕೊನೆಗೆ ಉಳಿದದ್ದನ್ನ ಮೂರು ಭಾಗ ಮಾಡಿ ಮುದ್ರೆ ಹಾಕ್ತಾರೆ. ಒಂದು ಪ್ರಯೋಗಾಲಯಕ್ಕೆ, ಒಂದು ಮಾರಾಟಗಾರರಿಗೆ ಅಥವಾ ತಯಾರಕರಿಗೆ, ಇನ್ನೊಂದು ಮುಂದೆ ತಕರಾರು ಬಂದರೆ ತೆಗೆದು ನೋಡೋಕೆ.

ಮುದ್ರೆ ಹಾಕೋ ಪೊಟ್ಟಣ ಗಾಳಿಯಾಡದ ಹಾಗೆ ಇರಬೇಕು. ಯಾಕೆ ಅನ್ನೋದು ಮುಂದಿನ ಭಾಗದಲ್ಲಿ ಗೊತ್ತಾಗುತ್ತೆ.

ಮೊದಲು ನೀರು

ಪೋಷಕಾಂಶ ಅಳೆಯೋಕೆ ಮುಂಚೆ ನೀರು ಯಾಕೆ ಅಳೀಬೇಕು? ಕಾಂಪೋಸ್ಟ್ ಉದಾಹರಣೆ ತಗೊಳ್ಳೋಣ.

50 ಕೆಜಿಯ ಎರಡು ಚೀಲ ಕಾಂಪೋಸ್ಟ್ ಇದೆ, ಬೆಲೆ ಒಂದೇ. ಎರಡರ ವರದಿಯಲ್ಲೂ 'ಒಣ ತೂಕದ ಲೆಕ್ಕದಲ್ಲಿ ಸಾರಜನಕ ಶೇಕಡಾ 1' ಅಂತಿದೆ. ಮೊದಲನೆಯದರಲ್ಲಿ ತೇವಾಂಶ ಶೇಕಡಾ 25. ಅಂದರೆ ಒಣ ಪದಾರ್ಥ 37.5 ಕೆಜಿ, ಸಾರಜನಕ 375 ಗ್ರಾಂ. ಎರಡನೆಯದರಲ್ಲಿ ತೇವಾಂಶ ಶೇಕಡಾ 50. ಒಣ ಪದಾರ್ಥ 25 ಕೆಜಿ, ಸಾರಜನಕ 250 ಗ್ರಾಂ. ಎರಡೂ ವರದಿಗಳು ಹೇಳೋದು ನಿಜವೇ. ಆದರೆ ಎರಡನೇ ಚೀಲ ಕೊಂಡವರು 25 ಕೆಜಿ ನೀರಿಗೆ ದುಡ್ಡು ಕೊಟ್ಟು, ಅದನ್ನ ಗಾಡಿ ಬಾಡಿಗೆ ಕೊಟ್ಟು ಹೊಲಕ್ಕೆ ಸಾಗಿಸಿದ್ದಾರೆ. ಅವರಿಗೆ ಸಿಕ್ಕ ಸಾರಜನಕ ಮೂರನೇ ಒಂದು ಭಾಗ ಕಡಿಮೆ.

ಆದ್ದರಿಂದಲೇ ನಗರ ಕಾಂಪೋಸ್ಟಿನಲ್ಲಿ ತೇವಾಂಶ ಶೇಕಡಾ 25 ದಾಟಬಾರದು ಅಂತ ನಿಯಮ ಇರೋದು. ಹಾಗಂತ ಕಾಂಪೋಸ್ಟನ್ನ ಪೂರ್ತಿ ಒಣಗಿಸಿಬಿಟ್ಟರೆ ಒಳ್ಳೇದು ಅಂತಲ್ಲ. ಅದರಲ್ಲಿರೋ ಸೂಕ್ಷ್ಮಜೀವಿಗಳಿಗೂ ನೀರು ಬೇಕು. ತಯಾರಾಗುವಾಗಲಂತೂ ಗುಂಡಿಯಲ್ಲಿ ಸುಮಾರು ಶೇಕಡಾ 50ರಿಂದ 60ರಷ್ಟು ತೇವ ಇದ್ದರೇನೇ ಅವು ಚೆನ್ನಾಗಿ ಕೆಲಸ ಮಾಡೋದು.

ತೇವಾಂಶ ಅಳೆಯೋ ಸರಳ ವಿಧಾನ ಎಲ್ಲರಿಗೂ ಅರ್ಥವಾಗುವಂಥದ್ದು. ತೂಕ ಮಾಡು, ಒಣಗಿಸು, ಮತ್ತೆ ತೂಕ ಮಾಡು. ಕಾಂಪೋಸ್ಟನ್ನ ಸುಮಾರು 105 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿಟ್ಟು, ತೂಕ ಇನ್ನು ಇಳಿಯೋದಿಲ್ಲ ಅನ್ನುವವರೆಗೂ ಒಣಗಿಸ್ತಾರೆ. ಬಿಸಿ ಮಾದರಿಯನ್ನ ಹಾಗೇ ತಕ್ಕಡಿ ಮೇಲೆ ಇಡೋ ಹಾಗಿಲ್ಲ. ಬಿಸಿ ಗಾಳಿ ಮೇಲೇಳುತ್ತಾ ತಕ್ಕಡಿಯ ಅಂಕಿಯನ್ನ ಅಲ್ಲಾಡಿಸುತ್ತೆ. ಹೊರಗಿಟ್ಟು ಆರಿಸಿದರೆ ಗಾಳಿಯಿಂದ ಮತ್ತೆ ನೀರು ಕುಡಿಯುತ್ತೆ. ಅದಕ್ಕೆ ತೇವ ಹೀರೋ ಹರಳುಗಳಿರುವ ಮುಚ್ಚಿದ ಗಾಜಿನ ಪಾತ್ರೆಯಲ್ಲಿ, ಅಂದರೆ ಡೆಸಿಕೇಟರ್‌ನಲ್ಲಿ, ಆರಿಸಿ ತೂಗ್ತಾರೆ.

ಇಷ್ಟು ಸರಳ ವಿಧಾನದಲ್ಲೂ ಒಂದು ತೊಡಕಿದೆ. ಓವನ್‌ನಿಂದ ಹೊರಟುಹೋದದ್ದೆಲ್ಲ ನೀರೇ ಅಂತ ನಾವು ಅಂದುಕೊಳ್ತೇವೆ. ಹಸಿ ಸಗಣಿ ಗೊಬ್ಬರ ಬಿಸಿ ಮಾಡಿದರೆ ನೀರಿನ ಜತೆ ಅಮೋನಿಯಾ ಕೂಡ ಹೋಗುತ್ತೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯೋ ಆ ಘಾಟು ಇದೆಯಲ್ಲ, ಅದೇ. ಅಮೋನಿಯಾ ಅಂದರೆ ಸಾರಜನಕ. ಹಾಗಾಗಿ ಒಣಗಿಸಿದ ಸಗಣಿಯಲ್ಲಿ ಸಾರಜನಕ ಅಳೆದರೆ ಉತ್ತರ ಕಡಿಮೆ ಬರುತ್ತೆ. ಇದಕ್ಕೆ ಪ್ರಯೋಗಾಲಯದ ಪರಿಹಾರ ಏನಂದರೆ, ಮಾದರಿಯನ್ನ ಎರಡು ಮಾಡಿ ಒಂದನ್ನ ಒಣಗಿಸಿ ನೀರು ಲೆಕ್ಕ ಹಾಕೋದು, ಇನ್ನೊಂದರಲ್ಲಿ ಹಸಿಯಾಗಿರುವಾಗಲೇ ಸಾರಜನಕ ಅಳೆಯೋದು.

ಬಿಸಿ ಮಾಡಬಾರದ ಗೊಬ್ಬರ

ಯೂರಿಯಾದ ಕಥೆ ಇನ್ನೂ ಬೇರೆ. ಅದು ಕರಗೋದೇ ಸುಮಾರು 133 ಡಿಗ್ರಿಯಲ್ಲಿ. ಅದಕ್ಕಿಂತ ಮುಂಚೆಯೇ ನಿಧಾನವಾಗಿ ಒಡೆದು ಅಮೋನಿಯಾ ಬಿಡೋಕೆ ಶುರು ಮಾಡುತ್ತೆ. ಯೂರಿಯಾದಲ್ಲಿ ತೇವಾಂಶದ ಮಿತಿ ಶೇಕಡಾ 1 ಮಾತ್ರ. ಅಷ್ಟು ಸಣ್ಣ ಪ್ರಮಾಣವನ್ನ ಓವನ್‌ನಲ್ಲಿ ಅಳೆಯೋಕೆ ಹೋದರೆ ಹೋದದ್ದು ನೀರೋ ಅಮೋನಿಯಾನೋ ಹೇಳೋಕೆ ಆಗಲ್ಲ.

ಇಲ್ಲಿ ನೆರವಿಗೆ ಬರೋದು ಜರ್ಮನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಫಿಶರ್ 1935ರಲ್ಲಿ ಪ್ರಕಟಿಸಿದ ವಿಧಾನ. ಅವರು ಪೆಟ್ರೋಲಿಯಂ ಉದ್ಯಮದಲ್ಲಿ ಕೆಲಸ ಮಾಡ್ತಿದ್ದವರು. ಅವರ ಉಪಾಯದಲ್ಲಿ ಬಿಸಿ ಮಾಡೋ ಮಾತೇ ಇಲ್ಲ. ಗೊಬ್ಬರವನ್ನ ನೀರಿಲ್ಲದ ಮೆಥನಾಲ್‌ನಲ್ಲಿ ಕರಗಿಸಿ, ಅಯೋಡಿನ್ ಮತ್ತು ಸಲ್ಫರ್ ಡೈಆಕ್ಸೈಡ್ ಇರೋ ದ್ರಾವಣವನ್ನ ಹನಿಹನಿಯಾಗಿ ಸೇರಿಸ್ತಾರೆ. ನೀರಿನ ಒಂದು ಅಣು ಸಿಕ್ಕಿದರೆ ಅಯೋಡಿನ್‌ನ ಒಂದು ಅಣು ಖರ್ಚಾಗುತ್ತೆ. ನೀರು ಇರುವವರೆಗೂ ಈ ಲೆಕ್ಕ ನಡೆಯುತ್ತೆ. ನೀರು ಮುಗಿದ ಕ್ಷಣ ಅಯೋಡಿನ್‌ಗೆ ಜೋಡಿ ಸಿಗದೆ ಹಾಗೇ ಉಳಿಯುತ್ತೆ, ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತೆ. ಈಗಿನ ಯಂತ್ರಗಳಲ್ಲಿ ಕಣ್ಣಿನ ಬದಲು ಎಲೆಕ್ಟ್ರೋಡ್ ಆ ಕ್ಷಣವನ್ನ ಹಿಡಿಯುತ್ತೆ. ಎಷ್ಟು ಅಯೋಡಿನ್ ಹೋಯಿತು ಅಂತ ಗೊತ್ತಾದರೆ ಎಷ್ಟು ನೀರಿತ್ತು ಅಂತಲೂ ಗೊತ್ತಾಯಿತು.

ಇದೆಲ್ಲ ಮಾಡುವಾಗ ಗೊಬ್ಬರ ಗಾಳಿಯಿಂದ ನೀರು ಹೀರದ ಹಾಗೆ ನೋಡ್ಕೋಬೇಕು. 30 ಡಿಗ್ರಿ ಉಷ್ಣತೆಯಲ್ಲಿ ಗಾಳಿಯ ತೇವ ಸುಮಾರು ಶೇಕಡಾ 73 ದಾಟಿದರೆ ಯೂರಿಯಾ ನೀರು ಹೀರೋಕೆ ಶುರು ಮಾಡುತ್ತೆ. ಅಮೋನಿಯಂ ನೈಟ್ರೇಟ್‌ಗೆ ಆ ಗಡಿ ಸುಮಾರು 59. ಇವೆರಡನ್ನೂ ಬೆರೆಸಿದರೆ ಎಷ್ಟಿರಬಹುದು ಹೇಳಿ? ನಡುವೆ ಎಲ್ಲೋ 65 ಇರಬೇಕು ಅನ್ನಿಸುತ್ತೆ ಅಲ್ವಾ? ಇಲ್ಲ, ಸುಮಾರು 18ಕ್ಕೆ ಇಳಿಯುತ್ತೆ. ಒಣಗಿದ ಎರಡು ಗೊಬ್ಬರ ಬೆರೆಸಿಟ್ಟರೆ ಮಳೆ ಬಾರದ ದಿನವೂ ಅದು ಒದ್ದೆ ಮುದ್ದೆಯಾಗುತ್ತೆ. ಮಳೆಗಾಲದ ಮಂಗಳೂರು, ಉಡುಪಿಯಲ್ಲಿ, ಅಥವಾ ಬೇಸಿಗೆಯ ರಾತ್ರಿ ಕೊಲ್ಲಿ ದೇಶಗಳ ಕಡಲ ತೀರದಲ್ಲಿ, ಬಾಯಿ ತೆರೆದಿಟ್ಟ ಯೂರಿಯಾ ಚೀಲ ಹೆಂಟೆ ಕಟ್ಟೋದಕ್ಕೂ ಇದೇ ಕಾರಣ. ಹೆಂಟೆ ಕಟ್ಟಿದ ಯೂರಿಯಾದ ಸಾರ ಹೋಗಿರೋದಿಲ್ಲ, ಪುಡಿ ಮಾಡಿ ಬಳಸಬಹುದು. ಆದರೆ ಪುಡಿ ಮಾಡದೆ ಎರಚಿದರೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಏನೂ ಇಲ್ಲ.

ಮುಟ್ಟಿದರೆ ಒಣ, ಒಳಗೆ ನೀರು

ಇನ್ನೊಂದು ಬಗೆಯ ನೀರಿದೆ, ಅದು ಕೈಗೆ ತಾಗೋದೇ ಇಲ್ಲ. ಭತ್ತಕ್ಕೆ ಸತುವಿನ ಕೊರತೆಯಾದರೆ ಜಿಂಕ್ ಸಲ್ಫೇಟ್ ಹಾಕ್ತಾರೆ. ಅಂಗಡಿಯಲ್ಲಿ ಅದು ಎರಡು ರೂಪದಲ್ಲಿ ಸಿಗುತ್ತೆ. ಒಂದು ಹೆಪ್ಟಾಹೈಡ್ರೇಟ್, ಅದರ ಹರಳಿನಲ್ಲಿ ಪ್ರತಿ ಜಿಂಕ್ ಸಲ್ಫೇಟಿಗೆ ಏಳು ನೀರಿನ ಅಣು ಸೇರಿಕೊಂಡಿರುತ್ತೆ. ಇನ್ನೊಂದು ಮಾನೋಹೈಡ್ರೇಟ್, ಅದರಲ್ಲಿ ಒಂದೇ ಅಣು. ಮೊದಲನೆಯದರ ತೂಕದಲ್ಲಿ ಸುಮಾರು ಶೇಕಡಾ 44 ನೀರೇ! ಆದರೆ ಮುಟ್ಟಿದರೆ ಸಕ್ಕರೆಯಷ್ಟೇ ಒಣ.

ಇದು ಮೋಸ ಅಲ್ಲ, ಆ ಹರಳಿನ ಸ್ವಭಾವವೇ ಹಾಗೆ. ನಿಯಮದ ಪ್ರಕಾರ ಹೆಪ್ಟಾಹೈಡ್ರೇಟ್‌ನಲ್ಲಿ ಕನಿಷ್ಠ ಶೇಕಡಾ 21, ಮಾನೋಹೈಡ್ರೇಟ್‌ನಲ್ಲಿ ಕನಿಷ್ಠ ಶೇಕಡಾ 33 ಸತು ಇರಬೇಕು. ಎಕರೆಗೆ ಇಷ್ಟು ಕೆಜಿ ಜಿಂಕ್ ಸಲ್ಫೇಟ್ ಹಾಕಿ ಅಂತ ಯಾರಾದರೂ ಹೇಳಿದರೆ ಯಾವುದು ಅಂತ ಕೇಳಲೇಬೇಕು. 20 ಕೆಜಿ ಹೆಪ್ಟಾಹೈಡ್ರೇಟ್‌ನಲ್ಲಿರೋ ಸತು ಸುಮಾರು 12.7 ಕೆಜಿ ಮಾನೋಹೈಡ್ರೇಟ್‌ನಲ್ಲಿ ಸಿಕ್ಕಿಬಿಡುತ್ತೆ. ಬೆಲೆ ಹೋಲಿಸುವಾಗ ಚೀಲಕ್ಕೆ ಚೀಲ ಹೋಲಿಸಬಾರದು, ಸತುವಿಗೆ ಸತು ಹೋಲಿಸಬೇಕು.

ಬಿಯರ್ ಕಾರ್ಖಾನೆಯಿಂದ ಬಂದ ವಿಧಾನ

ಈಗ ಸಾರಜನಕ. ಇದರ ಹಿಂದೆ ಒಂದು ಚಂದದ ಇತಿಹಾಸ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿ 1875ರಲ್ಲಿ ತನ್ನದೇ ಪ್ರಯೋಗಾಲಯ ತೆರೆಯಿತು. ಬಾರ್ಲಿಯಲ್ಲಿ ಪ್ರೋಟೀನ್ ಎಷ್ಟಿದೆ ಅನ್ನೋದು ಬಿಯರ್ ಮಾಡುವವರಿಗೆ ಮುಖ್ಯವಾದ ವಿಚಾರ. ಅಲ್ಲಿ ಕೆಲಸ ಮಾಡ್ತಿದ್ದ ಯೋಹಾನ್ ಕೆಲ್ಡಾಲ್ ಇದಕ್ಕಾಗಿ ಸಾರಜನಕ ಅಳೆಯೋ ಒಂದು ವಿಧಾನ ರೂಪಿಸಿ 1883ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯ ಲ್ಯಾಬುಗಳಲ್ಲಿ ಅದನ್ನ ಜೆಲ್ಡಾಲ್ ಅಂತ ಕರೆಯೋದೂ ಇದೆ. ಸುಮಾರು 140 ವರ್ಷ ಕಳೆದರೂ ಗೊಬ್ಬರ, ಮಣ್ಣು, ಹಾಲು, ಗೋಧಿ ಎಲ್ಲದಕ್ಕೂ ಅದೇ ವಿಧಾನದ ಸುಧಾರಿತ ರೂಪ ಬಳಕೆಯಲ್ಲಿದೆ.

ಅದರಲ್ಲಿ ಮೂರು ಹಂತ. ಮೊದಲನೆಯದು ಜೀರ್ಣ. ಮಾದರಿಯನ್ನ ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಹಾಕಿ ಕುದಿಸ್ತಾರೆ. ಆಮ್ಲ ಇನ್ನೂ ಹೆಚ್ಚಿನ ಉಷ್ಣತೆಯಲ್ಲಿ ಕುದಿಯಲಿ ಅಂತ ಪೊಟ್ಯಾಷಿಯಂ ಸಲ್ಫೇಟ್, ಕೆಲಸ ಬೇಗ ಆಗಲಿ ಅಂತ ತಾಮ್ರದ ಲವಣ ಸೇರಿಸ್ತಾರೆ. ಸಾವಯವ ಪದಾರ್ಥ ಮೊದಲು ಕಪ್ಪಾಗಿ, ನಂತರ ತಿಳಿಯಾಗುತ್ತೆ. ಅದರಲ್ಲಿದ್ದ ಸಾರಜನಕ ಅಮೋನಿಯಂ ಸಲ್ಫೇಟ್ ಆಗಿ ಆಮ್ಲದಲ್ಲಿ ಸಿಕ್ಕಿಬೀಳುತ್ತೆ.

ಎರಡನೆಯದು ಬಟ್ಟಿ ಇಳಿಸೋದು. ಆರಿದ ದ್ರಾವಣಕ್ಕೆ ನೀರು ಬೆರೆಸಿ, ಕಾಸ್ಟಿಕ್ ಸೋಡಾ ಹಾಕಿದ ಕೂಡಲೇ ಅಮೋನಿಯಂ ಅಮೋನಿಯಾ ಅನಿಲವಾಗಿ ಬಿಡುಗಡೆಯಾಗುತ್ತೆ. ಹಬೆಯ ಜತೆ ಅದನ್ನ ಸಾಗಿಸಿ ಬೋರಿಕ್ ಆಮ್ಲದ ದ್ರಾವಣದಲ್ಲಿ ಹಿಡೀತಾರೆ.

ಮೂರನೆಯದು ಟೈಟ್ರೇಷನ್. ಪಿಯುಸಿಯಲ್ಲಿ ಬ್ಯುರೆಟ್ ಹಿಡಿದು ಬಣ್ಣ ಬದಲಾಗೋದನ್ನ ಕಾಯ್ತಾ ನಿಂತಿದ್ದು ನೆನಪಿದೆ ಅಲ್ವಾ? ಅದೇ. ಹಿಡಿದ ಅಮೋನಿಯಾಕ್ಕೆ ಸಮನಾಗೋಕೆ ಎಷ್ಟು ಆಮ್ಲ ಬೇಕಾಯಿತು ಅಂತ ನೋಡ್ತಾರೆ. 0.1 ನಾರ್ಮಲ್ ಆಮ್ಲದ ಪ್ರತಿ ಮಿಲಿಲೀಟರಿಗೆ 1.4007 ಮಿಲಿಗ್ರಾಂ ಸಾರಜನಕ. ಲೆಕ್ಕ ಸುಲಭವಾಗಲಿ ಅಂತ 100 ಮಿಲಿಗ್ರಾಂ ಒಣ ಯೂರಿಯಾ ತಗೊಂಡಿದ್ದೇವೆ, 32.9 ಮಿಲಿಲೀಟರ್ ಆಮ್ಲ ಖರ್ಚಾಯಿತು ಅಂದುಕೊಳ್ಳಿ. ಗುಣಿಸಿದರೆ 46.08 ಮಿಲಿಗ್ರಾಂ, ಅಂದರೆ ಶೇಕಡಾ 46.08. ಪಾಸ್. ಒಂದೇ ಒಂದು ಮಿಲಿಲೀಟರ್ ಕಡಿಮೆಯಾಗಿ 31.9 ಬಂದಿದ್ದರೆ ಶೇಕಡಾ 44.68. ಫೇಲ್. ಹಾಗಾಗಿಯೇ ಮಾದರಿ ಹಾಕದೆ ಬರೀ ರಾಸಾಯನಿಕಗಳನ್ನ ಇಟ್ಟು ಇದೇ ಕ್ರಮದಲ್ಲಿ ಒಂದು ಖಾಲಿ ಪರೀಕ್ಷೆ ಮಾಡಿ, ಅದರಲ್ಲಿ ಬಂದದ್ದನ್ನ ಕಳೀತಾರೆ. ಸಾರಜನಕ ಎಷ್ಟಿದೆ ಅಂತ ಮೊದಲೇ ಖಚಿತವಾಗಿ ಗೊತ್ತಿರೋ ಶುದ್ಧ ಪದಾರ್ಥವನ್ನೂ ಜತೆಗೆ ಅಳೆದು, ಉತ್ತರ ಸರಿ ಬರುತ್ತಾ ಅಂತ ನೋಡ್ತಾರೆ.

ಈ ವಿಧಾನಕ್ಕೆ ಕಾಣದ್ದು

ಕೆಲ್ಡಾಲ್ ವಿಧಾನ ಎಣಿಸೋದು ಸಾರಜನಕವನ್ನ, ಅದು ಯಾವ ರೂಪದಲ್ಲಿದೆ ಅನ್ನೋದು ಅದಕ್ಕೆ ಕಾಣೋದಿಲ್ಲ. ಇದು ಎಷ್ಟು ದೊಡ್ಡ ಅನಾಹುತಕ್ಕೆ ದಾರಿ ಮಾಡಬಹುದು ಅನ್ನೋದನ್ನ 2008ರಲ್ಲಿ ಚೀನಾದಲ್ಲಿ ನೋಡಿದೆವು. ಹಾಲಿಗೆ ನೀರು ಬೆರೆಸಿ, ಪ್ರೋಟೀನ್ ಕಡಿಮೆಯಾದದ್ದು ಪರೀಕ್ಷೆಯಲ್ಲಿ ಸಿಕ್ಕಿಬೀಳದಿರಲಿ ಅಂತ ಮೆಲಮೈನ್ ಸೇರಿಸಿದ್ದರು. ಮೆಲಮೈನ್‌ನ ತೂಕದ ಮೂರರಲ್ಲಿ ಎರಡು ಭಾಗ ಸಾರಜನಕ. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು, 6 ಶಿಶುಗಳು ತೀರಿಕೊಂಡವು.

ಗೊಬ್ಬರದಲ್ಲೂ ಇಂಥ ಕುರುಡು ಜಾಗಗಳಿವೆ. ಮೂಲ ವಿಧಾನ ನೈಟ್ರೇಟನ್ನ ಲೆಕ್ಕಕ್ಕೆ ತಗೊಳ್ಳೋದಿಲ್ಲ. ನೈಟ್ರೇಟ್ ಇರೋ ಗೊಬ್ಬರಕ್ಕೆ ತಾಮ್ರ, ಅಲ್ಯೂಮಿನಿಯಂ, ಸತು ಸೇರಿದ ಡೆವಾರ್ಡಾ ಮಿಶ್ರಲೋಹದ ಪುಡಿ ಹಾಕಿ, ನೈಟ್ರೇಟನ್ನ ಮೊದಲು ಅಮೋನಿಯಾ ಮಾಡ್ಕೋಬೇಕು. ಯೂರಿಯಾ ತಯಾರಿಸುವಾಗ ಶಾಖ ಹೆಚ್ಚಾದರೆ ಬೈಯುರೆಟ್ ಅನ್ನೋ ಪದಾರ್ಥ ಹುಟ್ಟುತ್ತೆ. ಅದರಲ್ಲೂ ಸಾರಜನಕ ಇರೋದರಿಂದ ಕೆಲ್ಡಾಲ್ ಅದನ್ನೂ ಎಣಿಸಿಕೊಳ್ಳುತ್ತೆ. ಆದರೆ ಅದು ಮೊಳಕೆಗೆ, ಎಲೆಗೆ ಹಾನಿಕರ. ಅದಕ್ಕೆ ಯೂರಿಯಾದಲ್ಲಿ ಶೇಕಡಾ 1.5ಕ್ಕಿಂತ ಹೆಚ್ಚು ಬೈಯುರೆಟ್ ಇರಬಾರದು ಅಂತ ಮಿತಿ ಹಾಕಿ, ಬೇರೆಯಾಗಿ ಅಳೀತಾರೆ. ಜೀವಶಾಸ್ತ್ರ ಓದಿದವರಿಗೆ ಈ ಹೆಸರು ಪರಿಚಯ ಇರಬೇಕು. ಪ್ರೋಟೀನ್ ಪತ್ತೆಗೆ ನಾವು ಮಾಡೋ ಬೈಯುರೆಟ್ ಪರೀಕ್ಷೆಯ ನೇರಳೆ ಬಣ್ಣಕ್ಕೆ ಹೆಸರು ಬಂದದ್ದು ಇದರಿಂದಲೇ. ಕ್ಷಾರೀಯ ತಾಮ್ರದ ದ್ರಾವಣದಲ್ಲಿ ಬೈಯುರೆಟ್ ಕೊಡೋ ಬಣ್ಣವನ್ನೇ ಪ್ರೋಟೀನ್ ಕೂಡ ಕೊಡುತ್ತೆ.

ರಂಜಕ, ಪೊಟ್ಯಾಷ್ ಮತ್ತು ಹಳೇ ಲೆಕ್ಕ

ರಂಜಕ ಅಳೆಯೋದು ಬಣ್ಣದಿಂದ. ಮಾಲಿಬ್ಡೇಟ್ ಮತ್ತು ವೆನಡೇಟ್ ಸೇರಿಸಿದರೆ ದ್ರಾವಣ ಹಳದಿಯಾಗುತ್ತೆ. ಹಳದಿ ಗಾಢವಾದಷ್ಟೂ ರಂಜಕ ಹೆಚ್ಚು. ಆದರೆ ಅದಕ್ಕಿಂತ ಮುಖ್ಯ ಪ್ರಶ್ನೆ, ಆ ರಂಜಕ ಯಾವುದರಲ್ಲಿ ಕರಗಿತು ಅನ್ನೋದು. ನೀರಲ್ಲಿ ಕರಗಿದ್ದು ಗಿಡಕ್ಕೆ ಬೇಗ ಸಿಗುತ್ತೆ. ಅಮೋನಿಯಂ ಸಿಟ್ರೇಟ್ ದ್ರಾವಣದಲ್ಲಿ ಕರಗಿದ್ದು ನಿಧಾನವಾಗಿ ಸಿಗುತ್ತೆ. ಗಾಢ ಆಮ್ಲದಲ್ಲಿ ಮಾತ್ರ ಕರಗೋದು ಬಹುಪಾಲು ಮಣ್ಣಲ್ಲೇ ಕಲ್ಲಾಗಿ ಕೂರುತ್ತೆ. ಶಿಲಾರಂಜಕದಲ್ಲಿ ಒಟ್ಟು ರಂಜಕ ಬೇಕಾದಷ್ಟಿದೆ, ನೀರಲ್ಲಿ ಕರಗೋದು ಹೆಚ್ಚುಕಡಿಮೆ ಇಲ್ಲ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಅದು ನಿಧಾನವಾಗಿ ಕರಗಿ ಉಪಯೋಗಕ್ಕೆ ಬರುತ್ತೆ. ಬಯಲುಸೀಮೆಯ ಸುಣ್ಣದ ಮಣ್ಣಿಗೆ ಅದೇ ಗೊಬ್ಬರ ಹಾಕಿದರೆ ವ್ಯರ್ಥ. ಒಟ್ಟು ಅಂಕಿ ಎರಡೂ ಕಡೆ ಒಂದೇ!

ಪೊಟ್ಯಾಷ್ ಸುಲಭ. ದ್ರಾವಣವನ್ನ ಜ್ವಾಲೆಗೆ ತುಂತುರಾಗಿ ಬಿಟ್ಟರೆ ಪೊಟ್ಯಾಷಿಯಂ ನಸುನೇರಳೆ ಬೆಳಕು ಕೊಡುತ್ತೆ. ಫ್ಲೇಮ್ ಫೋಟೋಮೀಟರ್ ಆ ಬೆಳಕನ್ನ ಅಳೆದು ಪ್ರಮಾಣ ಹೇಳುತ್ತೆ.

ಇಲ್ಲಿ ಬೇರೆ ಬೇರೆ ದೇಶದಲ್ಲಿರೋ ಕೇಳುಗರು ಒಂದು ವಿಷಯ ಗಮನಿಸಬೇಕು. ಡಿಎಪಿಯ 18-46ರಲ್ಲಿ 46 ಅನ್ನೋದು ರಂಜಕವೇ ಅಲ್ಲ, ಅದು ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕ. ಆ ಪದಾರ್ಥ ಚೀಲದೊಳಗೆ ಇಲ್ಲವೇ ಇಲ್ಲ, ಇದು ಹಳೇ ಕಾಲದ ರಸಾಯನಶಾಸ್ತ್ರಜ್ಞರು ಬಿಟ್ಟುಹೋದ ಬರೆಯೋ ಪದ್ಧತಿ. ನಿಜವಾದ ರಂಜಕ ಬೇಕಿದ್ದರೆ 0.44ರಿಂದ ಗುಣಿಸಿ, ಸುಮಾರು 20 ಬರುತ್ತೆ. ಪೊಟ್ಯಾಷ್‌ಗೆ 0.83ರಿಂದ ಗುಣಿಸಿ. ಭಾರತ, ಅಮೆರಿಕ ಈ ಹಳೇ ಪದ್ಧತಿಯನ್ನೇ ಉಳಿಸಿಕೊಂಡಿವೆ. ಆಸ್ಟ್ರೇಲಿಯಾದಲ್ಲಿ ನೇರವಾಗಿ ಧಾತುವಿನ ಲೆಕ್ಕ ಬರೀತಾರೆ. ಹಾಗಾಗಿ ಹುಬ್ಬಳ್ಳಿಯ 18-46-0, ಸಿಡ್ನಿಯಲ್ಲಿ 18-20-0. ಗೊಬ್ಬರ ಅದೇ, ಸಾರ ಅಷ್ಟೇ.

ವರದಿ ಕೈಗೆ ಬಂದಾಗ

ನೀವೋ, ಊರಲ್ಲಿರೋ ನಿಮ್ಮ ಅಣ್ಣನೋ, ಮಾವನೋ ಗೊಬ್ಬರದ ಪರೀಕ್ಷಾ ವರದಿ ಹಿಡಿದಾಗ ಮೂರು ಪ್ರಶ್ನೆ ಕೇಳಿ. ಒಂದು, ಈ ಶೇಕಡಾ ಒಣ ತೂಕದ್ದೋ, ಚೀಲದಲ್ಲಿ ಇದ್ದ ಹಾಗೇ ಇರೋದರದ್ದೋ? ಒಣ ತೂಕದ್ದಾದರೆ ನೂರರಲ್ಲಿ ತೇವಾಂಶ ಕಳೆದು, ಅದರಿಂದ ಗುಣಿಸಿ, ನೂರರಿಂದ ಭಾಗಿಸಿ. ಎರಡು, ಪೋಷಕಾಂಶ ಯಾವ ರೂಪದಲ್ಲಿದೆ, ಒಟ್ಟು ಎಷ್ಟು, ಗಿಡಕ್ಕೆ ಸಿಗೋದು ಎಷ್ಟು? ಮೂರು, ಮಾದರಿ ತೆಗೆದದ್ದು ಹೇಗೆ, ಎಷ್ಟು ಚೀಲದಿಂದ?

ಕರ್ನಾಟಕದಲ್ಲಿ ಗೊಬ್ಬರದ ಗುಣಮಟ್ಟದ ಬಗ್ಗೆ ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ದೂರು ಕೊಡಬಹುದು. ಬಿಲ್ ಮತ್ತು ಖಾಲಿ ಚೀಲ ಇಟ್ಟುಕೊಂಡಿರಲಿ, ಚೀಲದ ಮೇಲೆ ತಯಾರಕರ ವಿವರ ಇರುತ್ತೆ. ಸಾಧ್ಯವಾದರೆ ಒಂದು ಚೀಲವನ್ನ ಹೊಲಿಗೆ ಬಿಚ್ಚದೆ ಉಳಿಸಿಕೊಳ್ಳಲಿ. ಬಾಯಿ ತೆರೆದ ಚೀಲದ ಮಾದರಿ ತೇವ ಎಳೆದಿರುತ್ತೆ, ಬೇರೇನಾದರೂ ಬೆರೆತಿರಬಹುದು ಅಂತಲೂ ಎದುರಿನವರು ವಾದ ಮಾಡಬಹುದು.

ಮನೆಯಲ್ಲಿ ಕಾಂಪೋಸ್ಟ್ ಮಾಡುವವರು, ಅಥವಾ ಚೀಲದಲ್ಲಿ ಕೊಳ್ಳುವವರು, ತೇವಾಂಶವನ್ನ ನೀವೇ ನೋಡಬಹುದು. ಅಡುಗೆಮನೆ ತಕ್ಕಡಿಯಲ್ಲಿ 100 ಗ್ರಾಂ ತೂಗಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಗಾಳಿ ಬೀಸದ ಕಡೆ ಚುರುಕು ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸಿ. ರಾತ್ರಿ ಒಳಗಿಟ್ಟು ಮುಚ್ಚಿ. ತೂಕ ಇಳಿಯೋದು ನಿಂತ ಮೇಲೆ 60 ಗ್ರಾಂ ಉಳಿದರೆ, ಕನಿಷ್ಠ 40 ಗ್ರಾಂ ನೀರಿತ್ತು ಅಂತ. ಓವನ್‌ನಷ್ಟು ಕರಾರುವಾಕ್ಕಾಗಿ ಬರಲ್ಲ, ಆದರೆ 25ಕ್ಕೂ 50ಕ್ಕೂ ಇರೋ ವ್ಯತ್ಯಾಸ ಹೇಳೋಕೆ ಧಾರಾಳ ಸಾಕು. ಮುಂದಿನ ಸಲ ಎರಡು ಅಂಗಡಿಯ ಚೀಲಗಳ ಬೆಲೆ ಹೋಲಿಸುವಾಗ ಈ ಅಂಕಿ ನಿಮ್ಮ ಕೈಯಲ್ಲಿರುತ್ತೆ.